ಮಡ್ಡಿ ಹೊಲದ ಕಲ್ಲು

ಜನವರಿ 12, 1975, ಭಾನುವಾರ

ಆಫೀಸಿನವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಹನ್ನೊಂದು ಹಾಳೆ ಖಾಲಿ ಬಿಟ್ಟಿದ್ದೆ. ಬರೆಯುವಂಥದ್ದು ಏನೂ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಸಿಟ್ಟು ಬಂದಿದೆ, ಅದನ್ನು ಯಾರ ಮುಂದಾದರೂ ಆಡಿಕೊಳ್ಳಬೇಕು. ಮನೆಯಲ್ಲಿರುವುದು ಇಬ್ಬರೇ. ಸಿಟ್ಟು ಆ ಇನ್ನೊಬ್ಬಳ ಮೇಲೆಯೇ.

ಇವತ್ತು ಎಳ್ಳ ಅಮಾವಾಸ್ಯೆ. ಊರಿನಲ್ಲಾಗಿದ್ದರೆ ಚಕ್ಕಡಿ ಹೂಡಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವ ದಿನ. ಮಾಡಿದ ಅಡುಗೆಯಲ್ಲಿ ಒಂದಿಷ್ಟು ಬೆಳೆಯೊಳಗೆ ಚೆಲ್ಲಿ, ಆಮೇಲೆ ಕೂತು ಉಣ್ಣುವುದು. ಚರಗ ಚೆಲ್ಲುವುದು ಎನ್ನುತ್ತೇವೆ. ಶೈಲಜಾ ಬೆಳಗ್ಗೆ ಬೇಗ ಎದ್ದಿದ್ದಳು. ಸಜ್ಜೆ ಹಿಟ್ಟು ಈ ಅಮೆರಿಕದಲ್ಲಿ ಎಲ್ಲಿಂದ ಬರಬೇಕು, ಮೆಕ್ಕೆಜೋಳದ ಹಿಟ್ಟಿನಲ್ಲೇ ರೊಟ್ಟಿ ತಟ್ಟಿ, ಎಳ್ಳಿನ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ ಮಾಡಿ ಡಬ್ಬಿ ಕಟ್ಟಿದಳು. "ಕಾರ್ ತಗೀರಿ" ಅಂದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ.

ಸ್ಮಶಾನ ತಲುಪಿದ ಮೇಲೆ ನಾನು ಕಾರಿನಲ್ಲೇ ಕೂತೆ. ಹೀಟರ್ ಹಾಕಿಕೊಂಡು ಪೇಪರ್ ಓದಿದೆ, ಅಂದರೆ ಪೇಪರ್ ಹಿಡಿದುಕೊಂಡಿದ್ದೆ. ಮಗ ವಿಜಿಯನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಯಿತು. ನೆಲ ಹೆಪ್ಪುಗಟ್ಟಿರುವುದರಿಂದ ಹೆಸರಿನ ಫಲಕ ಏಪ್ರಿಲ್‌ಗೇ ಕೂರಿಸುವುದು ಎಂದಿದ್ದಾರೆ. ಹಿಮ ಬಿದ್ದರೆ ಅಲ್ಲಿ ಯಾರ ಜಾಗ ಯಾವುದೆಂದು ತಿಳಿಯುವುದಿಲ್ಲ. ಅವಳು ಮೇಪಲ್ ಗಿಡದ ಬುಡದಿಂದ ಹೆಜ್ಜೆ ಎಣಿಸಿಕೊಂಡು ಹೋಗುತ್ತಾಳೆ. ಇಪ್ಪತ್ತೆರಡಂತೆ. ನಾನು ಎಣಿಸಲು ಹೋಗಿಲ್ಲ.

ಗಾಜಿನೊಳಗಿಂದ ನೋಡಿದೆ. ಹಿಮದ ಮೇಲೆ ರೊಟ್ಟಿ ಮುರಿದು ಚೆಲ್ಲುತ್ತಿದ್ದಳು. ಕಾವಲಿನ ಮುದುಕ ಓಡಿ ಬಂದ. ಕಾಗೆ ಮುತ್ತುತ್ತವೆ, ರಕೂನ್ ಬರುತ್ತವೆ, ಇದು ಪಿಕ್ನಿಕ್ ಜಾಗವಲ್ಲ ಎಂದ. ನಾನು ಇಳಿದು ಹೋಗಿ ಸಾರಿ ಕೇಳಬೇಕಾಯಿತು.

ಬರುವಾಗ ಅಂದೆ, "ಹೊಲಾ ಇಲ್ದಲ್ಲೆ ಎಂಥಾ ಚರಗ?"

"ನಮಗಿನ್ನ ಬ್ಯಾರೆ ಹೊಲಾ ಎಲ್ಲೈತ್ರಿ?" ಅಂದಳು.



ಜನವರಿ 19, ಭಾನುವಾರ

ಓಲ್ಡ್ ಬ್ರಿಡ್ಜ್ ಊರಿನಿಂದ ಪ್ರಾಣೇಶ, ಅವನ ಹೆಂಡತಿ ರಜನಿ ಬಂದಿದ್ದರು. ಪ್ರಾಣೇಶ ಧಾರವಾಡದಲ್ಲಿ ನನ್ನ ಜೊತೆ ಕಾಲೇಜಿನಲ್ಲಿದ್ದವನು, ಇಲ್ಲಿ ಡಾಕ್ಟರ್. ವಿಜಿಯ ರಕ್ತದ ರಿಪೋರ್ಟ್ ಮೊದಲು ಓದಿ ಹೇಳಿದವನೂ ಅವನೇ. ಹನ್ನೊಂದು ವಾರ ನಮ್ಮ ಜೊತೆ ಆಸ್ಪತ್ರೆ ತಿರುಗಿದ. ಅವನು ಬಂದರೆ ನನಗೆ ಈಗ ಆ ಕಾರಿಡಾರೇ ಕಾಣಿಸುತ್ತದೆ, ಅದು ಅವನ ತಪ್ಪಲ್ಲ.

ಬೆಂಗಳೂರಿನ ಔಷಧ ಕಂಪನಿಯವರು ನನ್ನನ್ನು ಕರೆದಿರುವ ಕೆಲಸದ ವಿಷಯ ಹೇಳಿದೆ. ಏಪ್ರಿಲ್ ಕೊನೆಯೊಳಗೆ ಒಪ್ಪಿಗೆ ಬರೆಯಬೇಕು. ಮೇ 31ಕ್ಕೆ ವಿಮಾನದಲ್ಲಿ ಎರಡು ಸೀಟು ಹಿಡಿದಿಟ್ಟಿದ್ದೇನೆ.

"ಛೊಲೋ ಆತು. ಹೋಗಿಬಿಡ್ರಿ" ಅಂದ ಪ್ರಾಣೇಶ. "ಈ ಮನ್ಯಾಗ ಹಿಂಗ ಕೂತ್ರ ಇಬ್ಬರೂ ಡಿಪ್ರೆಸ್ ಆಗ್ತೀರಿ."

"ಇವರು ಹೋಗ್ಲಿ" ಅಂದಳು ಶೈಲಜಾ. "ನಾ ಬರಂಗಿಲ್ಲ. ಅವನ್ನ ಒಬ್ಬನ್ನ ಇಲ್ಲಿ ಬಿಟ್ಟು ಎಲ್ಲಿಗೆ ಬರ್ಲಿ?"

"ವೈನಿ, ಅಲ್ಲೇನದರಿ ಈಗ..." ಎಂದು ಶುರು ಮಾಡಿದವನು ರಜನಿ ನೋಡಿದ ನೋಟಕ್ಕೆ ಚಹಾದ ಕಪ್ ಎತ್ತಿಕೊಂಡ. ಶೈಲಜಾ ಎದ್ದು ಎಲ್ಲರಿಗೂ ಇನ್ನೊಮ್ಮೆ ಚಹಾ ಬಗ್ಗಿಸಿದಳು, ಯಾರೂ ಕೇಳದಿದ್ದರೂ.

ಇವಳನ್ನು ಒಪ್ಪಿಸಲೇಬೇಕು. ಕೂಗಾಡಿ ಆಯಿತು, ಅತ್ತೂ ಆಯಿತು. ಅವರು ಹೋದ ಮೇಲೆ ಹಿರೇ ಗದಿಗೆಪ್ಪ ನೆನಪಾದ. ನನ್ನ ಮುತ್ತಜ್ಜನ ತಂದೆ, ಅವನ ಹೆಸರೇ ನನಗಿಟ್ಟಿದ್ದು. ಬೆಳ್ಳಟಗಿಯಲ್ಲಿ ಬಾಳಲಾಗದೆ ಒಂದು ದಿನ ಚಕ್ಕಡಿ ಹೂಡಿಕೊಂಡು ಎದ್ದು ಹೋಗಿ, ಪಾಳು ಬಿದ್ದ ಕಲ್ಲುನೆಲದ ಮಡ್ಡಿಯನ್ನು ಕಂಪನಿ ಸರಕಾರದಿಂದ ಕಡಿಮೆ ಕಂದಾಯದ ಕೌಲಿಗೆ ಹಿಡಿದು, ಕಲ್ಲು ಕಿತ್ತು ಹೊಲ ಮಾಡಿ, ಹೊಸಹಾಳ ಎಂಬ ನಮ್ಮ ಊರು ಕಟ್ಟಿದವನು. ಮನೆಯಲ್ಲಿ ಅವನ ಮಾತು ಬಂದರೆ "ಎದ್ದು ಹೋದ ಗಂಡಸು" ಎಂದೇ ಹೇಳುತ್ತಿದ್ದರು. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ದುಃಖ ಬಿದ್ದ ಜಾಗ ಬಿಟ್ಟು ಏಳುವುದು ನಮ್ಮ ರಕ್ತದಲ್ಲೇ ಇದೆ ಎಂದು ಇವಳಿಗೆ ತೋರಿಸುತ್ತೇನೆ. ಬರೀ ಬಾಯಿ ಮಾತಲ್ಲ, ಕಾಗದ ಪತ್ರ ಸಮೇತ. ಊರಿನ ಮನೆಯಲ್ಲಿರುವ ಈರಪ್ಪಣ್ಣನಿಗೆ ಬರೆದೆ, ಗೊತ್ತಿದ್ದದ್ದೆಲ್ಲ ಬರೆದು ಕಳಿಸು ಅಂತ.

ಜನವರಿ 30, ಗುರುವಾರ

ಕ್ರ್ಯಾನ್‌ಬರಿಯಿಂದ ಡ್ರೈವ್ ಮಾಡಿಕೊಂಡು ಬರುವಾಗ ಆಲೂಗಡ್ಡೆ ಹೊಲಗಳು ಬರಿದಾಗಿ ಬಿದ್ದಿದ್ದವು. ನಮ್ಮ ಮಡ್ಡಿ ಹೊಲ ನೆನಪಾಯಿತು. ಅದರ ನಟ್ಟನಡುವೆ ಒಂದು ಚಪ್ಪಟೆ ಕಲ್ಲು ಇತ್ತು. ನೇಗಿಲು ಅದನ್ನು ಸುತ್ತಿ ಹೋಗುತ್ತಿತ್ತು, ಯಾರೂ ಕೀಳುತ್ತಿರಲಿಲ್ಲ. ಹೊಲದವ್ವ ಎನ್ನುತ್ತಿದ್ದೆವು. ಚರಗದ ದಿನ ಅವ್ವ ಮೊದಲ ತುತ್ತು ಅದರ ಮೇಲೆ ಇಡುತ್ತಿದ್ದಳು. ನಾನು ಚಿಕ್ಕವನಿದ್ದಾಗ ಒಮ್ಮೆ ಅದರ ಮೇಲೆ ಕೂತು ರೊಟ್ಟಿ ತಿಂದು ಅವಳ ಕೈಯಲ್ಲಿ ಏಟು ತಿಂದಿದ್ದೆ.

ಇದನ್ನೆಲ್ಲ ವಿಜಿಗೆ ಹೇಳಿಯೇ ಇರಲಿಲ್ಲ. ಟೈಮಿರಲಿಲ್ಲ ಎನ್ನಲೂ ನಾಚಿಕೆ.

ಫೆಬ್ರವರಿ 11, ಮಂಗಳವಾರ

ಎರಡು ಸುದ್ದಿ, ಎರಡೂ ಕೆಟ್ಟವು.

ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಶೈಲಜಾ ಸ್ಮಶಾನಕ್ಕೆ ನಡೆದುಕೊಂಡು ಹೋಗುತ್ತಿದ್ದಳಂತೆ, ಮೂರು ಮೈಲಿ, ಫುಟ್‌ಪಾತ್ ಇಲ್ಲದ ಹೈವೇ ಅಂಚಿನಲ್ಲಿ, ಸೀರೆಯ ಮೇಲೆ ನನ್ನ ಹಳೆಯ ಓವರ್‌ಕೋಟ್ ಹಾಕಿಕೊಂಡು. ಪೋಲೀಸರು ಕಾರಿನಲ್ಲಿ ಕೂರಿಸಿ ಮನೆಗೆ ತಂದು ಬಿಟ್ಟಿದ್ದರು. ಮಗನ ಹತ್ತಿರ ಹೋಗುತ್ತಿದ್ದೇನೆ ಎಂದಳಂತೆ. ಯಾವ ಶಾಲೆ ಎಂದು ಅವರು ಕೇಳಿದರಂತೆ.

ಬೈದೆ. ಆಮೇಲೆ ವಾರಕ್ಕೆ ಮೂರು ಸಂಜೆ ನಾನೇ ಕರೆದುಕೊಂಡು ಹೋಗುತ್ತೇನೆ, ಒಬ್ಬಳೇ ಹೊರಡಬೇಡ ಎಂದು ಒಪ್ಪಂದ ಮಾಡಿಕೊಂಡೆ. ಪೋಲೀಸರ ಕಾಟವಾದರೂ ತಪ್ಪಲಿ.

ಇನ್ನೊಂದು, ಅಣ್ಣನ ಪತ್ರ. ಹಿರೇ ಗದಿಗೆಪ್ಪನ ವಿಷಯ ತನಗೂ ನನ್ನಷ್ಟೇ ಗೊತ್ತು, ಪೂರ್ತಿ ಬೇಕಾದರೆ ಹೆಳವರ ದುರ್ಗಪ್ಪ ಬರುವವರೆಗೆ ಕಾಯಬೇಕು ಎಂದಿದ್ದಾನೆ. ನಮ್ಮ ಕಡೆ ಮನೆತನಗಳ ಲೆಕ್ಕ ಇಟ್ಟವರು ಹೆಳವರು. ಎತ್ತಿನ ಕೊರಳಿಗೆ ಗಂಟೆ ಕಟ್ಟಿಕೊಂಡು ನಾಲ್ಕು ವರ್ಷಕ್ಕೊಮ್ಮೆ ಬರುತ್ತಾರೆ. ಅಂಗಳದಲ್ಲಿ ಕಂಬಳಿ ಹಾಸಿ ಕೂತು, ಮೂಲಪುರುಷನಿಂದ ಹಿಡಿದು ಹೋದ ಸಲ ಹುಟ್ಟಿದ ಕೂಸಿನವರೆಗೆ ಹೆಸರು ಓದಿ, ಹೊಸ ಹೆಸರು ಸೇರಿಸಿಕೊಂಡು ಹೋಗುತ್ತಾರೆ. ಈ ವರ್ಷ ಸುಗ್ಗಿ ಮುಗಿದ ಮೇಲೆ ಬರುವ ಪಾಳಿ. ಪತ್ರದ ಕೊನೆಗೆ ಅಣ್ಣ ಬರೆದದ್ದು ಇದು: "ಹೋದ ಸಲ ವಿಜಿ ಹೆಸರು ಬರಸಿದ್ದೆ. ಈ ಸಲ ಅಂವ ಅದನ್ನ ಹೊಡೆದು ಹಾಕತಾನು. ಮಕ್ಕಳಿಲ್ದ ಹೋದವರ ಹೆಸರು ಅವರ ಪುಸ್ತಕದಾಗ ಇಡಂಗಿಲ್ಲ. ಮನಸಿಗೆ ಹಚ್ಚಿಕೋಬ್ಯಾಡ."

ಮನಸಿಗೆ ಹಚ್ಚಿಕೊಳ್ಳಬೇಡವಂತೆ. ಆ ಸಾಲನ್ನು ಶೈಲಜಾಳಿಗೆ ಓದಿ ಹೇಳಲಿಲ್ಲ.

ಫೆಬ್ರವರಿ 22, ಶನಿವಾರ

ಮೆಟ್ರೋಪಾರ್ಕ್ ಸ್ಟೇಷನ್ನಿನಿಂದ ಟ್ರೇನ್ ಹಿಡಿದು ನ್ಯೂಯಾರ್ಕಿನ ದೊಡ್ಡ ಲೈಬ್ರರಿಗೆ ಹೋದೆ. ಮನೆಯಿಂದ ಹೊರಗಿರಲು ಒಂದು ನೆಪ ಎಂದರೂ ಸರಿಯೇ.

ಮುಂಬೈ ಸರಕಾರದ ಹಳೆಯ ಸರ್ವೆ ವರದಿಗಳು ಬೇಕು ಎಂದಾಗ ಅಲ್ಲಿದ್ದ ಹೆಂಗಸು ಯಾಕೆ ಎಂದು ಕೇಳಿದಳು. ಹೇಳಿದೆ. "ಓ, ಹೋಮ್‌ಸ್ಟೆಡರ್!" ಎಂದು ಖುಷಿಪಟ್ಟಳು. ಅವಳ ಮುತ್ತಜ್ಜನೂ ಪಶ್ಚಿಮದ ಬಯಲಿನಲ್ಲಿ ಸರಕಾರದ ಪಾಳು ನೆಲ ಹಿಡಿದವನಂತೆ. ಐದು ವರ್ಷ ಬಿಡದೆ ಅಲ್ಲೇ ಬದುಕಿದ್ದಕ್ಕೆ ಇಬ್ಬರು ಸಾಕ್ಷಿ ಹೇಳಿದರೆ ನೆಲ ಅವನದಾಗುತ್ತಿತ್ತಂತೆ. ಇವರಿಗೂ ಅಂಥ ಅಜ್ಜಂದಿರಿದ್ದಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮೂರು ಗಂಟೆ ಹುಡುಕಿದ ಮೇಲೆ 1847ರ ಒಂದು ವರದಿಯಲ್ಲಿ ಸಿಕ್ಕ. ನಿಜವಾಗಿಯೂ ಸಿಕ್ಕ! ನನ್ನ ಹೆಸರನ್ನೇ ಓದಿದ ಹಾಗಾಯಿತು. ಸರ್ವೆಗೆ ಬಂದ ಯಾರೋ ಸಾಹೇಬ ಬರೆದದ್ದು ನಾಲ್ಕೇ ಸಾಲು. ಬೆಳ್ಳಟಗಿಯ ಗದಿಗೆಪ್ಪ ಎಂಬ ಒಕ್ಕಲಿಗನಿಗೆ ಹಳ್ಳದ ದಂಡೆಯ ಎರೆ ಭೂಮಿಯನ್ನು ಅದೇ ಕೌಲಿಗೆ ಕೊಡುವುದಾಗಿ ಹೇಳಿದರೂ ಒಲ್ಲೆನೆಂದು, ಏನೂ ಬೆಳೆಯದ ಮಡ್ಡಿಯನ್ನೇ ಕೇಳಿ ಹಿಡಿದಿದ್ದಾನೆ. ಕಾರಣ ಕೇಳಿದರೆ ಹೇಳುವುದಿಲ್ಲ. ಈ ಜನ ಬಹಳ ಮೊಂಡರು.

ನನಗೂ ಅರ್ಥವಾಗಲಿಲ್ಲ. ಎರೆ ಭೂಮಿ ಎಂದರೆ ಬೀಜ ಒಗೆದರೆ ಬೆಳೆಯುವ ಕರಿ ಮಣ್ಣು. ಅದನ್ನು ಯಾವ ಒಕ್ಕಲಿಗ ಬೇಡ ಎಂದಾನು? ಎದ್ದು ಹೋದವನಿಗೆ ಇನ್ನೊಂದು ಮೈಲಿ ಹೋಗಲು ಏನು ಅಡ್ಡಿಯಾಗಿತ್ತು? ಇವಳ ಮುಂದೆ ಈ ಕಾಗದ ಇಟ್ಟರೆ ನನ್ನ ವಾದವೇ ಕೆಡುತ್ತದೆ.

ಮಾರ್ಚ್ 3, ಸೋಮವಾರ

ಹಿಮ. ಇವಳು ಬರಿಗೈಯಲ್ಲೇ ಅಲ್ಲಿನ ಹಿಮ ಎಳೆಯುತ್ತಾಳೆ. ಬೆರಳು ಸೆಟೆದು ಮತ್ತೆ ಡಾಕ್ಟರ್ ಹತ್ತಿರ ಓಡುವುದು ಬೇಡವೆಂದು ಡಿಕ್ಕಿಯಲ್ಲಿ ಸಲಿಕೆ ಇಟ್ಟುಕೊಂಡು ಹೋಗಿ ನಾನೇ ಸರಿಸಿದೆ.

ನಮ್ಮವರು ಕೂಡಿಸಿ ಮಣ್ಣು ಮಾಡುತ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು. ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿಸಿದರು. ಲಿಂಗ ಇಡಲು ಬಿಟ್ಟರು, ಅಷ್ಟೇ. ಸಲಿಕೆ ಹಿಡಿದಾಗ ಅದೇ ತಲೆಯಲ್ಲಿತ್ತು. ಅವನು ಎಂದೂ ಅಂಗಾತ ಮಲಗುತ್ತಿರಲಿಲ್ಲ, ಮಗ್ಗುಲಾಗಿ, ಮೊಣಕಾಲು ಹೊಟ್ಟೆಗೆ ಎಳೆದುಕೊಂಡು ಮಲಗುತ್ತಿದ್ದ. ಬೇರೆ ಏನನ್ನಾದರೂ ಸಹಿಸಿಯೇನು, ಇದೊಂದು ಆಗುತ್ತಿಲ್ಲ.

ಮಾರ್ಚ್ 16, ಭಾನುವಾರ

ತಡೆಯಲಾರದೆ ಲೈಬ್ರರಿಯ ನಾಲ್ಕು ಸಾಲು ಶೈಲಜಾಳಿಗೆ ಓದಿ ಹೇಳಿದೆ. ಹಿಟ್ಟು ನಾದುತ್ತಿದ್ದಳು, ಕೇಳುತ್ತಿದ್ದಾಳೋ ಇಲ್ಲವೋ ಅನ್ನಿಸಿತು. ಕೊನೆಗೆ ಒಂದೇ ಮಾತು ಕೇಳಿದಳು.

"ಅವನ ಹೇಣ್ತಿ ಹೆಸರೇನ್ರಿ?"

"ಗೊತ್ತಿಲ್ಲ. ಹೆಳವರು ಹೆಂಗಸರ ಹೆಸರು ಬರಕೊಳ್ಳಂಗಿಲ್ಲ."

"ಹಂಗಾರ ಕಾರಣ ಎಲ್ಲಿ ಸಿಗಬೇಕು ಬಿಡ್ರಿ" ಅಂದಳು.

ಇದು ಯಾವ ತರ್ಕ ಎಂದು ನಕ್ಕೆ. ಸೆಪ್ಟೆಂಬರಿನಿಂದೀಚೆಗೆ ಮೊದಲ ಸಲ ನಕ್ಕಿದ್ದು ಎಂದು ಆಮೇಲೆ ಹೊಳೆದು ಒಂಥರಾ ಆಯಿತು. ಅವಳೂ ತಲೆ ತಗ್ಗಿಸಿ ಹಿಟ್ಟು ನಾದಿದಳು.

ಮಾರ್ಚ್ 28, ಶುಕ್ರವಾರ

ವಿಜಿಗೆ ಇವತ್ತು ಏಳು ತುಂಬುತ್ತಿತ್ತು.

ಮನೆಗೆ ಯಾರು ಬಂದರೂ "ಯಾವೂರಪ್ಪ ನಿಂದು?" ಎಂದು ಕೇಳುತ್ತಿದ್ದರು. "ಐ ಆಮ್ ಫ್ರಮ್ ಎಡಿಸನ್, ಅಂಕಲ್" ಎಂದು ನಾವಿರುವ ಈ ಊರನ್ನೇ ಹೇಳುತ್ತಿದ್ದ. ನಾನು ಎಲ್ಲರ ಎದುರೇ ತಿದ್ದುತ್ತಿದ್ದೆ. ನಮ್ಮೂರು ಹೊಸಹಾಳ ಅಂತ ಹೇಳಬೇಕು, ಹೇಳು. "ಬಟ್ ಐ ಹ್ಯಾವ್ ನೆವರ್ ಸೀನ್ ಇಟ್, ಅಪ್ಪಾ" ಅನ್ನುತ್ತಿದ್ದ. ಒಮ್ಮೆ ಅದಕ್ಕಾಗಿ ಅವನನ್ನು ಊಟದಿಂದ ಎಬ್ಬಿಸಿ ಕಳಿಸಿದ್ದೆ.

ಆ ಊಟ, ಆ ಒಂದು ಊಟ.

ಏಪ್ರಿಲ್ 12, ಶನಿವಾರ

ಫಲಕ ಕೂರಿಸಿದರು. ಹುಲ್ಲಿನ ಮಟ್ಟಕ್ಕೇ ಹುಗಿಯುತ್ತಾರೆ, ಮೇಲಿನಿಂದ ಹುಲ್ಲು ಕತ್ತರಿಸುವ ಮಷೀನು ಹಾದು ಹೋಗಬೇಕಲ್ಲ. ಕೆಲಸದವರು ನಕ್ಷೆ ಹಿಡಿದು ಜಾಗ ಗುರುತಿಸಿದರು. ನಾನು ನಂಬಲಿಲ್ಲ. ಮೇಪಲ್ ಗಿಡದಿಂದ ಹೆಜ್ಜೆ ಹಾಕಿ ನೋಡಿದೆ. ಹದಿನೇಳು, ಸರಿಯಾಗಿತ್ತು. ನನ್ನ ಹೆಜ್ಜೆ ದೊಡ್ಡದು, ಅವಳು ಇಪ್ಪತ್ತೆರಡು ಹಾಕುವಲ್ಲಿ ನಾನು ಹಾಕಿದರೆ ಯಾವಾಗಲೂ ಹದಿನೇಳೇ ಬರುತ್ತದೆ.

ಬೆಂಗಳೂರಿನಿಂದ ನೆನಪಿನ ಪತ್ರ ಬಂದಿದೆ, ತಿಂಗಳ ಕೊನೆಯೊಳಗೆ ತಿಳಿಸಿ ಎಂದು. ಉತ್ತರ ಬರೆದು ಸಹಿ ಹಾಕಿಟ್ಟಿದ್ದೇನೆ, ಪೋಸ್ಟ್ ಮಾಡಬೇಕು. ಇವಳು ಬಾರದಿದ್ದರೆ ಒಬ್ಬನೇ ಹೋಗುವುದು. ಇಲ್ಲಿದ್ದರೆ ನಾನು ಉಳಿಯುವುದಿಲ್ಲ. ಅವನ ಕೋಣೆಯ ಬಾಗಿಲು ದಾಟಿ ದಿನಾ ಬಚ್ಚಲಿಗೆ ಹೋಗಬೇಕು.

ಏಪ್ರಿಲ್ 24, ಗುರುವಾರ

ಅಣ್ಣನ ಪತ್ರ. ಹೆಳವ ಬಂದು ಹೋದ. ಹಾಗೇ ಇಳಿಸಿಕೊಳ್ಳುತ್ತೇನೆ.

"ತಮ್ಮಾ, ದುರ್ಗಪ್ಪ ಅಂಗಳದಾಗ ಕೂತು ಓದಿದ. ಪ್ರತಿ ಸಲ ಬರೇ ಗಂಡಸರ ಹೆಸರು ಓದಿ ಮುಗಸತಿದ್ದ, ಈ ಸಲ ನೀ ಕೇಳಿದ್ದಿ ಅಂತ ಹಿರೇ ಗದಿಗೆಪ್ಪಂದು ಪೂರ್ತಿ ಎರಡ ಸಲ ಓದಸಿದೆ. ನಾವು ತಿಳಕೊಂಡಿದ್ದು ಬ್ಯಾರೆ, ಅದರಾಗ ಇದ್ದದ್ದು ಬ್ಯಾರೆ. ಅಂವ ಅಣ್ಣತಮ್ಮರ ಕೂಡ ಜಗಳಾಡಿ, ಹೇಣ್ತಿ ನೀಲವ್ವನ್ನ, ಎರಡು ವರ್ಷದ ಕೂಸನ್ನ ಕರಕೊಂಡು ಬೆಳ್ಳಟಗಿ ಬಿಟ್ಟಿದ್ದು ಖರೆ. ಹೊಂಟಿದ್ದು ಹಳ್ಳದ ದಂಡಿ ಎರಿ ಭೂಮಿಗೆ. ದಾರ್ಯಾಗ ಮಡ್ಡಿ ಮ್ಯಾಲ ಕೂಸಿಗೆ ಜ್ವರ ಬಂದು ಹೋತು. ಬನ್ನಿ ಗಿಡದಿಂದ ಮೂಡಲಕ್ಕ ಇಪ್ಪತ್ತು ಹೆಜ್ಜಿ ಮ್ಯಾಲ ಮಣ್ಣು ಮಾಡಿದರು. ಮರುದಿನ ಚಕ್ಕಡಿ ಹೂಡಿದ, ನೀಲವ್ವ ಏರಲಿಲ್ಲ. ಮೂರು ದಿನಾ ಹೂಡಿದ, ಮೂರು ದಿನಾ ಬಿಚ್ಚಿದ. ನಾಕನೇ ದಿನ ಚಕ್ಕಡಿ ಗಾಲಿ ಕಳಚಿ ಇಟ್ಟು ಅಲ್ಲೇ ಗುಡಿಸಲಾ ಹಾಕಿದ. ಕೂಸಿನ ಹೆಸರು, ನೀಲವ್ವನ ಹೆಸರು ಬರೀಬೇಕಂತ ಹಟಾ ಹಿಡಿದು ಹೆಳವರಿಗೆ ಒಂದು ಆಕಳಾ ಕೊಟ್ಟನಂತ. ಇಡೀ ಪುಸ್ತಕದಾಗ ಹೆಂಗಸಿನ ಹೆಸರು ಅದೊಂದ.

ನಾವು ಹೊಲದವ್ವ ಅಂತ ಮೊದಲ ತುತ್ತು ಇಡತಿದ್ದ ಕಲ್ಲು ಆ ಕೂಸಿಂದು ತಮ್ಮಾ. ಅವ್ವಗ ಹೇಳಿದೆ. ಊಟಾ ಬಿಟ್ಟು ಎದ್ದು ಹೋದಳು.

ಆಮ್ಯಾಲ ದುರ್ಗಪ್ಪ ವಿಜಿ ಹೆಸರಿಗೆ ಬಂದ. ಕಲಮ್ಮು ತಗದ. ತಗದವನ ನಿಂತ. ಅಂವನ ಅಂದ, ಗೌಡ್ರ, ನಿಮ್ಮ ಮನ್ಯಾಗ ಇದಕ್ಕ ಒಂದು ದಾರಿ ಐತ್ರಿ. ಮಣ್ಣಾಗಿದ್ದು ಯಾವೂರು, ಯಾವ ಗಿಡಾ, ಯಾವ ದಿಕ್ಕು, ಎಷ್ಟು ಹೆಜ್ಜಿ ಹೇಳ್ರಿ, ಹೆಸರು ಹೊಡಿಯಂಗಿಲ್ಲ. ಆದ್ರ ಬರದ ಮ್ಯಾಲ ಚರಗದ ದಿನ ಅಲ್ಲಿ ತುತ್ತು ಇಡಾವರು ಮನಿಯವರೊಬ್ಬರು ಇರಬೇಕು. ಸುಳ್ಳ ಬರೀಬಾರದು ನೋಡ್ರಿ ಅಂದ. ಅಂವ ಮೇ ತಿಂಗಳ ನಡುತನಕ ಇಲ್ಲೇ ಬಾಜೂ ಹಳ್ಳ್ಯಾಗ ಇರತಾನು. ನೀ ಬೆಂಗಳೂರಿಗೆ ಬರತಿ ಅಂತ ನಾ ಹೇಳಿದೆ. ಹಂಗಾರ ಹೊಡೆದು ಹಾಕತೇನಿ, ಆದ್ರೂ ನಿಮ್ಮ ತಮ್ಮನ್ನ ಒಂದು ಮಾತು ಕೇಳ್ರಿ ಅಂದ. ಕೇಳಾಕತ್ತೇನಿ. ಏನು ಹೇಳ್ಲಿ?"

ಎದ್ದು ಹೋದ ಗಂಡಸು. ಮನೆಮಂದಿಯೆಲ್ಲ ನೂರಿಪ್ಪತ್ತೈದು ವರ್ಷ ಅದನ್ನೇ ಹೇಳಿಕೊಂಡು ಬಂದೆವು.

ಆ ಮಡ್ಡಿಯಲ್ಲಿ ಏನು ಬೆಳೆಯುತ್ತಿತ್ತು ನನಗೆ ಗೊತ್ತು. ಏನೂ ಇಲ್ಲ. ಅವನು ಅಲ್ಲಿ ಸುಖಪಟ್ಟ ಎಂದು ಹೆಳವನ ಪುಸ್ತಕದಲ್ಲೂ ಇಲ್ಲ.

ಏಪ್ರಿಲ್ 27, ಭಾನುವಾರ

ಅಣ್ಣನ ಪತ್ರ ಜೇಬಿನಲ್ಲಿಟ್ಟುಕೊಂಡು ಸ್ಮಶಾನಕ್ಕೆ ಹೋಗಿದ್ದೆ. ಅಲ್ಲಿಯೇ ಕೂತು ಶೈಲಜಾ ಓದಿದಳು. ಹುಲ್ಲು ಒದ್ದೆಯಾಗಿತ್ತು, ನಾನೂ ಕೂತೆ. ಓದಿ ಮುಗಿಸಿ ಮಡಿಚಿ ಕೊಟ್ಟಳು. ಕೇಳುತ್ತಾಳೆ, ಅಳುತ್ತಾಳೆ, ನೋಡಿದಿರಾ ಎನ್ನುತ್ತಾಳೆ ಎಂದುಕೊಂಡಿದ್ದೆ. ಯಾವುದೂ ಇಲ್ಲ.

"ನೀಲವ್ವ" ಅಂದಳು, ಬರೀ ಅಷ್ಟೇ. ಪಕ್ಕದ ಮನೆಯವಳ ಹೆಸರು ಹೇಳಿದ ಹಾಗೆ.

ಪತ್ರ ಜೇಬಿಗೆ ಹಾಕಿಕೊಂಡು ನಾನೇ ಕೇಳಿದೆ, "ಅಣ್ಣಗ ಏನಂತ ಬರೀಲಿ?"

"ನಿಮಗ ತಿಳದಂಗ ಬರೀರಿ. ಅಂವನೂ ಮೂರು ದಿನಾ ಹೂಡಿದ್ದನಲ್ಲ" ಅಂದಳು.

ಮನಸ್ಸಿಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಬಾಗಿಲು ದಾಟಿಯೇ ನಾಳೆಯೂ ಬಚ್ಚಲಿಗೆ ಹೋಗಬೇಕು, ಮುಂದಿನ ವರ್ಷವೂ ಹೋಗಬೇಕು. ಈ ಊರಿನಲ್ಲಿ ನಮಗೆ ಬೇರೆ ಏನೂ ಇಲ್ಲ. ಬೆಂಗಳೂರಿನ ಉತ್ತರ ಹರಿದು, ಎರಡು ಸಾಲಿನ ಬೇರೆ ಉತ್ತರ ಬರೆದೆ. ಸೀಟುಗಳನ್ನು ನಾಳೆ ಫೋನ್ ಮಾಡಿ ಬಿಡಿಸಬೇಕು.

ಆಮೇಲೆ ಅಣ್ಣನಿಗೆ ಬರೆದೆ. ಹೆಳವ ಕೇಳಿದಷ್ಟನ್ನೇ, ಅವನು ಕೇಳಿದ ಕ್ರಮದಲ್ಲಿ. ಊರು ಎಂಬಲ್ಲಿ ಪೆನ್ನು ನಿಂತಿತು. ವಿಜಿ ಹೇಳುತ್ತಿದ್ದದ್ದನ್ನೇ ಬರೆದೆ, ಎಡಿಸನ್. ಗಿಡ, ಮೇಪಲ್. ದಿಕ್ಕು, ಪಡುವಲು. ಹೆಜ್ಜೆ ಹದಿನೇಳು ಎಂದು ಬರೆದಿದ್ದೆ. ಅದನ್ನು ಹೊಡೆದು ಹಾಕಿ ಇಪ್ಪತ್ತೆರಡು ಎಂದು ಬರೆದೆ.